ಬಂಗಲೆಯೊಳಗಿನ ಚಿತ್ರಶಾಲೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಹೆಚ್ಚು ಜನ ಕೇಳಿದ್ದಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಮುಂದಿನ ತಿಂಗಳು ಮದುವೆಗೆಂದು ಬೆಂಗಳೂರಿಗೆ ಬರುತ್ತಿದ್ದೇವೆ. ಒಂದು ಬೆಳಗ್ಗೆ ಮಾತ್ರ ಬಿಡುವು. ಎಂಟು ಮತ್ತು ಹನ್ನೆರಡು ವರ್ಷದ ಮಕ್ಕಳಿದ್ದಾರೆ, ಮಂಡಿನೋವಿರುವ ಅತ್ತೆಯವರೂ ಬರುತ್ತಾರೆ. ಯಾವಾಗ ಹೋಗಬೇಕು, ಎಷ್ಟು ಹೊತ್ತು ಬೇಕು?
ಓದುಗರು, ದಾವಣಗೆರೆ

ಸೋಮವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ, ಸೋಮವಾರ ರಜೆ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2ರಂಥ ರಾಷ್ಟ್ರೀಯ ರಜೆಗಳಲ್ಲೂ ಬಾಗಿಲು ತೆರೆಯುವುದಿಲ್ಲ. ವಾರದ ನಡುವಿನ ಬೆಳಗ್ಗೆ ಒಳ್ಳೆಯದು. ತೆರೆದ ಮೊದಲ ಒಂದು ಗಂಟೆ ಕೋಣೆಗಳು ಖಾಲಿ ಇರುತ್ತವೆ. ಶಾಲಾ ಮಕ್ಕಳ ಬಸ್ಸು ಬಂತೆಂದರೆ ಸಣ್ಣ ಕೋಣೆಗಳಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ.

ಮೆಟ್ರೊದಲ್ಲಿ ಬರುವುದಾದರೆ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸುಮಾರು ಎರಡು ಕಿಲೋಮೀಟರ್. ಅತ್ತೆಯವರು ಜೊತೆಗಿರುವುದರಿಂದ ಆಟೊ ಮಾಡಿಕೊಳ್ಳಿ. ಆಟೊದವರಿಗೆ ಸಂಗ್ರಹಾಲಯದ ಹೆಸರು ಹೇಳಿದರೆ ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಕರೆದೊಯ್ಯುವುದುಂಟು. ‘ಅರಮನೆ ರಸ್ತೆ, ವಸಂತನಗರ, ಮಾಣಿಕ್ಯವೇಲು ಮ್ಯಾನ್ಶನ್’ ಎಂದೇ ಹೇಳಿ.

ಟಿಕೆಟ್ ಭಾರತೀಯರಿಗೆ 20 ರೂಪಾಯಿ. ಮಕ್ಕಳ ಶಾಲೆಯ ಐ.ಡಿ. ಕಾರ್ಡ್, ದೊಡ್ಡವರ ಒಂದು ಗುರುತಿನ ಚೀಟಿ ಜೊತೆಗಿರಲಿ. ಬೆನ್ನಚೀಲ, ಕೊಡೆ, ನೀರಿನ ಬಾಟಲಿ, ತಿಂಡಿ ಎಲ್ಲವನ್ನೂ ಹೊರಗೇ ಇಡಬೇಕಾಗುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡವರಿಗೆ ತಮ್ಮ ಹಿಂದೆ ಒಂದಡಿ ಉದ್ದ ಬೆಳೆದಿದೆ ಎಂಬುದು ಮರೆತುಹೋಗುತ್ತದೆ, ತಿರುಗುವಾಗ ತಗಲುವುದು ಚಿತ್ರದ ಮೂಲೆಗೆ ಅಥವಾ ಶಿಲ್ಪದ ಪೀಠಕ್ಕೆ. ಒದ್ದೆ ಕೊಡೆ ಒಳಗೆ ಬಂದರೆ ಕೋಣೆಯ ತೇವಾಂಶ ಏರುತ್ತದೆ. ಮಕ್ಕಳಿಗೆ ಹೊಟ್ಟೆ ತುಂಬಿಸಿಯೇ ಕರೆತನ್ನಿ, ಹಸಿದ ಮಗುವಿಗೆ ಯಾವ ಚಿತ್ರವೂ ಕಾಣುವುದಿಲ್ಲ.

ಒಂದೂವರೆ ಗಂಟೆ ಸಾಕು. ಎಲ್ಲ ಕೋಣೆಗಳನ್ನೂ ಮುಗಿಸಬೇಕೆಂಬ ಹಠ ಬೇಡ. ಮೊದಲು ಕಾಲು ಗಂಟೆ ಎಲ್ಲಿಯೂ ನಿಲ್ಲದೆ ಒಂದು ಸುತ್ತು ನಡೆಯಿರಿ. ಯಾವ ಚಿತ್ರದ ಬಳಿ ಕಾಲು ತಾನಾಗಿ ನಿಧಾನವಾಯಿತೋ ಅದನ್ನು ನೆನಪಿಟ್ಟುಕೊಂಡು, ಎರಡನೆಯ ಸುತ್ತಿನಲ್ಲಿ ಅಂಥ ಐದಾರು ಚಿತ್ರಗಳ ಮುಂದೆ ಮಾತ್ರ ನಿಲ್ಲಿ. ಮಕ್ಕಳಿಗೂ ಒಂದೊಂದು ಚಿತ್ರ ಆಯ್ದುಕೊಳ್ಳಲು ಬಿಡಿ. ಚಿತ್ರಗಳ ಮಧ್ಯಭಾಗ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರಕ್ಕೆ ಬರುವಂತೆ ತೂಗುಹಾಕುವುದು ರೂಢಿ, ಅದು ನಿಂತ ದೊಡ್ಡವರ ಕಣ್ಣಿನ ಮಟ್ಟ. ಎಂಟು ವರ್ಷದ ಮಗುವಿನ ಕಣ್ಣು ಅದಕ್ಕಿಂತ ಒಂದಡಿಗೂ ಕೆಳಗಿರುತ್ತದೆ. ಗಾಜಿರುವ ಚಿತ್ರದಲ್ಲಿ ಅದಕ್ಕೆ ಮೇಲಿನ ದೀಪದ ಹೊಳಪಷ್ಟೇ ಕಂಡೀತು. ಆದ್ದರಿಂದ ಮಗುವನ್ನು ಎರಡು ಹೆಜ್ಜೆ ಹಿಂದಕ್ಕೆ ಕರೆದು ತೋರಿಸಿ.

ಅತ್ತೆಯವರಿಗೆ ಮೆಟ್ಟಿಲು ಹತ್ತಲು ಕಷ್ಟವಾದರೆ ಟಿಕೆಟ್ ಕೌಂಟರಿನಲ್ಲೇ ಹೇಳಿ, ಮೆಟ್ಟಿಲಿಲ್ಲದ ದಾರಿ ಯಾವುದೆಂದು ತಿಳಿದುಕೊಂಡು ಶುರುಮಾಡಿ. ಅರ್ಧ ದಾರಿ ನಡೆದ ಮೇಲೆ ಕೇಳಿದರೆ ಅಷ್ಟೂ ದೂರ ವಾಪಸು ನಡೆಯಬೇಕಾದೀತು.

ಇದು ಯಾರ ಮನೆ? ಮನೆಯನ್ನು ಚಿತ್ರಶಾಲೆ ಮಾಡಿದ್ದು ಏಕೆ? ಚಿತ್ರಶಾಲೆಗೆಂದೇ ಹೊಸದು ಕಟ್ಟಬಹುದಿತ್ತಲ್ಲ?
ಓದುಗರು, ತುಮಕೂರು

ಗಣಿ ಉದ್ಯಮದಲ್ಲಿ ದುಡ್ಡು ಮಾಡಿದ ಮಾಣಿಕ್ಯವೇಲು ಮುದಲಿಯಾರ್ ಅವರು ವಾಸವಿದ್ದ ಬಂಗಲೆ. ಅದಕ್ಕೂ ಮೊದಲು ಮೈಸೂರು ರಾಜಮನೆತನಕ್ಕೆ ಸೇರಿತ್ತು. ವ್ಯವಹಾರ ಕುಸಿದ ಮೇಲೆ ಕೈತಪ್ಪಿ, ಕೊನೆಗೆ ಸರ್ಕಾರದ ವಶಕ್ಕೆ ಬಂತು. 2000ದ ಹೊತ್ತಿಗೆ ಕೇಂದ್ರ ಸಂಸ್ಕೃತಿ ಇಲಾಖೆಗೆ ಗುತ್ತಿಗೆಗೆ ಕೊಡಲಾಯಿತು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ಯೋಜನೆಯಂತೆ ಹಳೆಯ ಬಂಗಲೆಯನ್ನು ಉಳಿಸಿಕೊಂಡು, ಹೊಸ ಗ್ಯಾಲರಿ ಕಟ್ಟಡ, ಸಭಾಂಗಣ, ಗ್ರಂಥಾಲಯಗಳನ್ನು ಸೇರಿಸಿದರು. 2009ರ ಫೆಬ್ರವರಿ 18ರಂದು ಉದ್ಘಾಟನೆಯಾಯಿತು. ದೆಹಲಿ (1954), ಮುಂಬೈ (1996) ಆದಮೇಲೆ ಇದು ಮೂರನೆಯದು. ಮೂರೂ ಹಳೆಯ ಕಟ್ಟಡಗಳೇ.

ಹೊಸದು ಕಟ್ಟಬಹುದಿತ್ತಲ್ಲ ಎಂಬ ಮಾತಿನಲ್ಲಿ ಹುರುಳಿದೆ. ಹವೆ, ಬೆಳಕು, ಸಾಗಣೆ ಎಲ್ಲಕ್ಕೂ ಹೊಸ ಕಟ್ಟಡವೇ ಸಲೀಸು. ಆದರೆ ಮೂರೂವರೆ ಎಕರೆ ಜಾಗ, ಅದರ ತುಂಬ ಹಳೆಯ ಮರ, ನಗರದ ನಟ್ಟನಡುವೆ. ಸಾರ್ವಜನಿಕರು ಒಳಹೋಗಿ ಬರುವ ಒಂದು ಉಪಯೋಗ ಸಿಗದೆ ಹೋಗಿದ್ದರೆ ಇಂಥ ಜಾಗ ಬೆಂಗಳೂರಿನಲ್ಲಿ ಉಳಿಯುವುದು ಎಷ್ಟು ಕಷ್ಟವೆಂದು ವಸಂತನಗರ, ಕನ್ನಿಂಗ್‌ಹ್ಯಾಂ ರಸ್ತೆಗಳನ್ನು ಬಲ್ಲವರಿಗೆಲ್ಲ ಗೊತ್ತು. ನಮ್ಮ ಮಟ್ಟಿಗೆ ಇದು ಸರಿಯಾದ ತೀರ್ಮಾನ.

ಮನೆಯ ಕೋಣೆಗಳಲ್ಲಿ ಚಿತ್ರ ಹಾಕಿದಾಗ ನೋಡುಗರಿಗೆ ಬರುವ ತೊಡಕು ಒಂದಿದೆ, ಅದಕ್ಕೆ ಉಪಾಯವೂ ಇದೆ. ಒಂದು ಚಿತ್ರ ಇಡಿಯಾಗಿ ಕಣ್ಣಿಗೆ ಬರಬೇಕಾದರೆ ಅದರ ಕರ್ಣದ ಒಂದೂವರೆಯಿಂದ ಎರಡು ಪಟ್ಟು ದೂರ ನಿಲ್ಲಬೇಕು. 150 ಸೆಂ.ಮೀ. ಎತ್ತರ, 200 ಸೆಂ.ಮೀ. ಅಗಲದ ಕ್ಯಾನ್ವಾಸಿನ ಕರ್ಣ 250 ಸೆಂ.ಮೀ. ಅಂದರೆ ನಾಲ್ಕರಿಂದ ಐದು ಮೀಟರ್ ಹಿಂದೆ ಸರಿಯಬೇಕು. ವಾಸದ ಕೋಣೆಯಲ್ಲಿ ಅಷ್ಟು ದೂರ ಎಲ್ಲಿಂದ ಬರಬೇಕು? ಪಕ್ಕದ ಕೋಣೆಗೆ ಹೋಗಿ, ಬಾಗಿಲ ಮೂಲಕ ನೋಡಿ. ಹಳೆಯ ಬಂಗಲೆಗಳಲ್ಲಿ ಬಾಗಿಲುಗಳು ಎದುರುಬದುರಾಗಿ ಸಾಲಿನಲ್ಲಿರುವುದು ಸಾಮಾನ್ಯ, ದೊಡ್ಡ ಚಿತ್ರವನ್ನು ಆ ಸಾಲಿನ ಕೊನೆಗೆ ಹಾಕುವುದನ್ನು ಪ್ರದರ್ಶನ ಜೋಡಿಸುವವರು ಬಲ್ಲರು. ಬಾಗಿಲು ದಾಟುವ ಮುನ್ನ ಪ್ರತಿಸಲವೂ ಒಂದು ಕ್ಷಣ ನಿಂತು ಆಚೆ ಕೋಣೆಯ ಗೋಡೆ ನೋಡುವ ಅಭ್ಯಾಸ ಇಟ್ಟುಕೊಂಡರೆ ಈ ಕಟ್ಟಡದಲ್ಲಿ ಅರ್ಧ ಕೆಲಸ ಆದಂತೆ.

ಒಳಗೆ ಮಬ್ಬುಗತ್ತಲೆ. ಕಿಟಕಿಗಳಿದ್ದರೂ ಮುಚ್ಚಿದ್ದಾರೆ. ದುಡ್ಡು ಕೊಟ್ಟು ಬಂದವರಿಗೆ ಸರಿಯಾಗಿ ಕಾಣುವಷ್ಟು ದೀಪ ಹಾಕಬಾರದೇ?
ಓದುಗರು, ಬಳ್ಳಾರಿ

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೆ ಬೆಳಕು ಬಣ್ಣವನ್ನು ತಿನ್ನುತ್ತದೆ, ತಿಂದದ್ದನ್ನು ಯಾವ ತಜ್ಞರೂ ವಾಪಸು ತರಲಾರರು. ಹರಿದ ಕ್ಯಾನ್ವಾಸನ್ನು ಹೊಲಿಯಬಹುದು, ಕೊಳೆಯಾದ ವಾರ್ನಿಷ್ ತೆಗೆಯಬಹುದು. ಮಾಸಿದ ಬಣ್ಣಕ್ಕೆ ಚಿಕಿತ್ಸೆ ಇಲ್ಲ.

ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಾಗದದ ಮೇಲಿನ ಜಲವರ್ಣ, ಅಚ್ಚುಚಿತ್ರ, ಫೋಟೊ, ಬಟ್ಟೆ ಇಂಥವಕ್ಕೆ 50 ಲಕ್ಸ್, ತೈಲವರ್ಣಕ್ಕೆ 150ರಿಂದ 200 ಲಕ್ಸ್ ಎಂಬುದು ಜಗತ್ತಿನ ಸಂಗ್ರಹಾಲಯಗಳೆಲ್ಲ ಸಾಮಾನ್ಯವಾಗಿ ಪಾಲಿಸುವ ಮಿತಿ. ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಹಾನಿ ಲೆಕ್ಕ ಹಾಕುವುದು ಬೆಳಕಿನ ಪ್ರಮಾಣವನ್ನು ಗಂಟೆಗಳಿಂದ ಗುಣಿಸಿ. 50 ಲಕ್ಸ್ ಬೆಳಕಿನಲ್ಲಿ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಒಂದು ಜಲವರ್ಣ ಇದ್ದರೆ 1,20,000 ಲಕ್ಸ್-ಗಂಟೆ. ಅದೇ ಚಿತ್ರದ ಮೇಲೆ ಕಿಟಕಿಯಿಂದ ನೇರ ಬಿಸಿಲು ಬಿದ್ದರೆ ಅಷ್ಟು ಬೆಳಕು ಒಂದೂಕಾಲು ಗಂಟೆಯೊಳಗೆ ಮುಗಿದುಹೋಗುತ್ತದೆ, ಜೊತೆಗೆ ಅತಿನೇರಳೆ ಕಿರಣದ ಪೆಟ್ಟು ಬೇರೆ. ಮನೆಗೆ ಗಾಳಿ ಬೆಳಕು ಬರಲೆಂದು ಇಟ್ಟ ಕಿಟಕಿಗಳು ಚಿತ್ರಶಾಲೆಯಲ್ಲಿ ಮುಚ್ಚಿಕೊಳ್ಳುವುದು ಇದಕ್ಕೇ.

ಇನ್ನು ನೀವು ಮಾಡಬಹುದಾದದ್ದು. ಬಳ್ಳಾರಿಯ ಬಿಸಿಲಿರಲಿ, ಬೆಂಗಳೂರಿನ ಬಿಸಿಲಿನಿಂದ ಒಳಬಂದ ಕಣ್ಣಿಗೂ ಮಬ್ಬಿಗೆ ಹೊಂದಿಕೊಳ್ಳಲು ಐದರಿಂದ ಹತ್ತು ನಿಮಿಷ ಬೇಕು. ಮೊದಲ ಕೋಣೆಯಲ್ಲಿ ಎಲ್ಲಾದರೂ ಕೂತು ಆ ಹತ್ತು ನಿಮಿಷ ಕೊಡಿ. ನಡುವೆ ಮೊಬೈಲ್ ತೆರೆದು ನೋಡಿದಿರೋ, ಕಣ್ಣು ಮತ್ತೆ ಹಿಂದಿನ ಸ್ಥಿತಿಗೆ ಬರುತ್ತದೆ. ಗಾಜಿನ ಮೇಲೆ ಹೊಳಪು ಬೀಳುತ್ತಿದ್ದರೆ ಎದುರಿಗೆ ನಿಲ್ಲದೆ ಒಂದು ಬದಿಗೆ ಸರಿಯಿರಿ. ಹೊಳಪು ಕಾಣುವ ಕೋನ ಒಂದೇ ಇರುತ್ತದೆ, ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಇಟ್ಟರೆ ಅದು ತಪ್ಪುತ್ತದೆ. ಕಪ್ಪು ಅಥವಾ ಗಾಢ ಬಣ್ಣದ ಅಂಗಿ ತೊಟ್ಟು ಬಂದರೆ ಗಾಜಿನಲ್ಲಿ ನಿಮ್ಮದೇ ಬಿಂಬ ಕಾಣುವುದು ಕಡಿಮೆಯಾಗುತ್ತದೆ. ಬಿಳಿ ಅಂಗಿಯವರಿಗೆ ಎಲ್ಲ ಜಲವರ್ಣದಲ್ಲೂ ಮೊದಲು ತಾವೇ ಕಾಣುತ್ತಾರೆ.

ಕಳೆದ ಸಲ ನೋಡಿದ ಚಿತ್ರ ಈ ಸಲ ಇಲ್ಲ ಎಂದು ಬೇರೆ ಕೆಲವರು ಬರೆದಿದ್ದಾರೆ. ಅದಕ್ಕೂ ಕಾರಣ ಬೆಳಕೇ. ಕಾಗದದ ಚಿತ್ರಗಳನ್ನು ಕೆಲವು ತಿಂಗಳು ತೋರಿಸಿ, ಆಮೇಲೆ ಕತ್ತಲೆಯ ಪೆಟ್ಟಿಗೆಯಲ್ಲಿ ಬಹುಕಾಲ ವಿಶ್ರಾಂತಿ ಕೊಡುತ್ತಾರೆ. ಒಂದೇ ಚಿತ್ರಕ್ಕಾಗಿ ದೂರದಿಂದ ಬರುವವರು ಅದು ಗೋಡೆಯ ಮೇಲಿದೆಯೇ ಎಂದು ಫೋನ್ ಮಾಡಿ ಕೇಳಿಯೇ ಹೊರಡಬೇಕು.

ಚಿತ್ರದ ಪಕ್ಕದ ಚೀಟಿಯಲ್ಲಿ ಟೆಂಪೆರಾ, ವಾಶ್, ಎಚಿಂಗ್, 5/25 ಎಂದೆಲ್ಲ ಇರುತ್ತದೆ. ಕಲಾ ಶಾಲೆಗೆ ಹೋಗದವರಿಗೆ ಅರ್ಥವಾಗುವಂತೆ ತಿಳಿಸಿ.
ಓದುಗರು, ಶಿರಸಿ

ಈ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇವೆ. ಚೀಟಿ ಓದಲು ಬಂದವರಿಗೆ ಚಿತ್ರ ಬೇರೆಯೇ ರೀತಿ ಕಾಣತೊಡಗುತ್ತದೆ.

ಚೀಟಿಯಲ್ಲಿ ಸಾಮಾನ್ಯವಾಗಿ ಕಲಾವಿದರ ಹೆಸರು, ಚಿತ್ರದ ಹೆಸರು, ಇಸವಿ, ಮಾಧ್ಯಮ, ಅಳತೆ ಇರುತ್ತವೆ. ಕೆಲವೊಮ್ಮೆ ಕೆಳಗೆ ಸಣ್ಣಕ್ಷರದಲ್ಲಿ ಒಂದು ದಾಖಲೆ ಸಂಖ್ಯೆ. ಅಳತೆ ಸೆಂಟಿಮೀಟರಿನಲ್ಲಿ, ಮೊದಲು ಎತ್ತರ, ಆಮೇಲೆ ಅಗಲ. ಚಿತ್ರದ ಬಗ್ಗೆ ಮುಂದೆ ವಿಚಾರಿಸಬೇಕೆಂದಿದ್ದರೆ ದಾಖಲೆ ಸಂಖ್ಯೆ ಬರೆದುಕೊಳ್ಳಿ. ಒಂದೇ ಹೆಸರಿನ ಚಿತ್ರಗಳು ಹಲವಿರುತ್ತವೆ, ಸಂಖ್ಯೆ ಒಂದೊಂದಕ್ಕೂ ಬೇರೆ.

ಬಣ್ಣದ ಪುಡಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ, ಅದನ್ನು ಹಿಡಿದಿಡುವ ಅಂಟು ಬೇರೆ. ಅಗಸೆ ಎಣ್ಣೆಯಲ್ಲಿ ಕಲಸಿದರೆ ತೈಲವರ್ಣ. ಅದು ದಪ್ಪಗಿರುವುದರಿಂದ ಕುಂಚದ ಗೆರೆ ಉಬ್ಬಾಗಿ ನಿಲ್ಲುತ್ತದೆ, ಬದಿಯಿಂದ ನೋಡಿದರೆ ಆ ಉಬ್ಬಿನ ನೆರಳು ಕಾಣುತ್ತದೆ. ಗೋಂದಿನಲ್ಲಿ ಕಲಸಿದರೆ ಜಲವರ್ಣ, ಹಿಂದಿನ ಕಾಗದದ ಬಿಳಿಯೇ ಅದರ ಬೆಳಕು. ಅದಕ್ಕೆ ಬಿಳಿ ಬಣ್ಣ ಸೇರಿಸಿ ಆಚೆ ಕಾಣದಂತೆ ಮಾಡಿದರೆ ಗ್ವಾಶ್. ಮೊಟ್ಟೆ ಅಥವಾ ಬೇರೆ ಅಂಟಿನಲ್ಲಿ ಕಲಸಿ ಬೇಗ ಒಣಗುವಂತೆ ಮಾಡಿದ್ದು ಟೆಂಪೆರಾ. ಅದರ ಮೇಲ್ಮೈಗೆ ಹೊಳಪಿಲ್ಲ, ಸುಣ್ಣದ ಗೋಡೆಯಂಥ ಮಂದ ಮೈ. ಬಂಗಾಳದ ಕಲಾವಿದ ಜಾಮಿನಿ ರಾಯ್ ಹುಣಸೆಬೀಜದ ಅಂಟು, ದೀಪದ ಮಸಿಯಂಥ ಊರಿನ ಸಾಮಗ್ರಿಗಳಿಂದಲೇ ಬಣ್ಣ ಮಾಡಿಕೊಳ್ಳುತ್ತಿದ್ದರು. ಅವರ ಚಿತ್ರದ ದಪ್ಪ ಕಪ್ಪು ಗೆರೆಯನ್ನು ಹತ್ತಿರದಿಂದ ನೋಡಿ, ಕುಂಚ ಎಲ್ಲಿ ಶುರುವಾಗಿ ಎಲ್ಲಿ ಎದ್ದಿತು ಎಂಬುದು ತಿಳಿಯುತ್ತದೆ.

ವಾಶ್ ಎಂಬುದು ಅವನೀಂದ್ರನಾಥ ಠಾಕೂರರ ಬಂಗಾಳ ಶೈಲಿಯ ಹೆಗ್ಗುರುತು. ಜಲವರ್ಣ ಹಚ್ಚಿ, ಒಣಗಿಸಿ, ಇಡೀ ಕಾಗದವನ್ನು ನೀರಿನಲ್ಲಿ ಅದ್ದುತ್ತಾರೆ. ಸಡಿಲವಾಗಿದ್ದ ಬಣ್ಣ ಹೋಗುತ್ತದೆ, ಕಾಗದದ ನಾರಿನೊಳಗೆ ಹೊಕ್ಕಿದ್ದು ಉಳಿಯುತ್ತದೆ. ಮತ್ತೆ ಹಚ್ಚಿ ಮತ್ತೆ ಅದ್ದುತ್ತಾರೆ, ಹೀಗೆ ಹಲವು ಸಲ. ಮಂಜಿನೊಳಗಿಂದ ಹೊಮ್ಮಿದಂತೆ ಕಾಣುವುದು ಇದರಿಂದಲೇ. ನಮ್ಮ ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥರ ಶಿಷ್ಯರಾಗಿದ್ದವರು. ಅವರ ಊಟಿ, ಕೊಡೈಕನಾಲ್ ಜಲವರ್ಣಗಳನ್ನು ಮುದ್ರಣದಲ್ಲಷ್ಟೇ ನೋಡಿದವರಿಗೆ ಮೂಲದ ಮೃದುತ್ವ ಊಹೆಗೂ ನಿಲುಕುವುದಿಲ್ಲ.

ಇನ್ನು 5/25. ಇದು ಅಚ್ಚುಚಿತ್ರದ ಲೆಕ್ಕ: ಒಟ್ಟು ತೆಗೆದ 25 ಪ್ರತಿಗಳಲ್ಲಿ ಇದು ಐದನೆಯದು. ‘ಎ.ಪಿ.’ ಎಂದಿದ್ದರೆ ಕಲಾವಿದರು ತಮಗಾಗಿ ಉಳಿಸಿಕೊಂಡ ಪ್ರತಿ. ಅಚ್ಚು ಎಂದ ಮಾತ್ರಕ್ಕೆ ಕ್ಯಾಲೆಂಡರ್ ಮುದ್ರಣ ಎಂದುಕೊಳ್ಳಬೇಡಿ. ಕಲಾವಿದರೇ ತಟ್ಟೆ ಸಿದ್ಧಮಾಡಿ, ಒಂದೊಂದು ಪ್ರತಿಯನ್ನೂ ನೋಡಿ ಒಪ್ಪಿ ಸಹಿ ಹಾಕಿರುತ್ತಾರೆ. ಎಚಿಂಗ್‌ನಲ್ಲಿ ಸತು ಅಥವಾ ತಾಮ್ರದ ತಟ್ಟೆಯ ಮೇಲೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀರಿ, ಆಮ್ಲದಲ್ಲಿ ಇಡುತ್ತಾರೆ. ಗೀರಿದ ಕಡೆ ಲೋಹ ಕೊರೆದುಹೋಗುತ್ತದೆ. ಶಾಯಿ ತುಂಬಿ, ಮೇಲ್ಮೈ ಒರೆಸಿ, ನೆನೆಸಿದ ದಪ್ಪ ಕಾಗದವನ್ನಿಟ್ಟು ರೋಲರ್ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಆ ಒತ್ತಡಕ್ಕೆ ತಟ್ಟೆಯ ಅಂಚು ಕಾಗದದಲ್ಲಿ ತಗ್ಗಾಗಿ ಕೂರುತ್ತದೆ. ಚಿತ್ರದ ಸುತ್ತ ಚೌಕಾಕಾರದ ಆ ತಗ್ಗನ್ನು ಹುಡುಕಿ. ಬೆಳಕು ಬದಿಯಿಂದ ಬಿದ್ದಾಗ ಸಣ್ಣ ಮೆಟ್ಟಿಲಿನಂತೆ ಕಾಣುತ್ತದೆ, ಗೆರೆಯ ಶಾಯಿ ಕಾಗದಕ್ಕಿಂತ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಲಿಥೋಗ್ರಾಫ್‌ನಲ್ಲಿ ಈ ತಗ್ಗು ಇರುವುದಿಲ್ಲ. ಅದು ಸಪಾಟು ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಬರೆದು, ನೀರು ಜಿಡ್ಡು ಕೂಡುವುದಿಲ್ಲ ಎಂಬ ಗುಣದಿಂದ ತೆಗೆಯುವ ಅಚ್ಚು.

ಚೀಟಿ ಓದದೆ ಹೋದರೆ ಎಷ್ಟು ದಾರಿ ತಪ್ಪುತ್ತದೆ ಎನ್ನುವುದಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯೇ ಉದಾಹರಣೆ. 1861ರಲ್ಲಿ ಕಟ್ಟಿದ ಆ ಅರಮನೆ 1915ರಿಂದ ಚಿತ್ರಶಾಲೆ. ಅಲ್ಲಿ ಕತ್ತಲ ಕೋಣೆಯಲ್ಲಿ ತೋರಿಸುವ, ದೀಪಕ್ಕೆ ಕೈ ಅಡ್ಡ ಹಿಡಿದ ಮಹಿಳೆಯ ಚಿತ್ರವನ್ನು ರಾಜಾ ರವಿವರ್ಮರ ತೈಲಚಿತ್ರವೆಂದು ನಂಬಿ ಹೋಗುವವರು ಬಹಳ. ಅದು ಎಸ್.ಎಲ್. ಹಲ್ದಣ್‌ಕರ್ ಅವರದು, ತೈಲವರ್ಣವಲ್ಲ, ಜಲವರ್ಣ. ಜಲವರ್ಣವೆಂದು ತಿಳಿದು ನೋಡಿದರೆ ಆ ಚಿತ್ರದ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ತಪ್ಪಿದರೆ ಮೇಲೆ ಬಳಿದು ಮುಚ್ಚುವ ಸೌಲಭ್ಯ ಜಲವರ್ಣದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಅಮೂರ್ತ ಚಿತ್ರಗಳ ಮುಂದೆ ನಿಂತರೆ ನನಗೆ ಏನೂ ಹೊಳೆಯುವುದಿಲ್ಲ. ನಿಜ ಹೇಳಿ, ಅದರಲ್ಲಿ ನೋಡುವುದು ಏನಿದೆ?
ಓದುಗರು, ಹಾಸನ

ನೋಡುವುದು ಬಹಳ ಇದೆ. ‘ಇದು ಏನು?’ ಎಂದು ಕೇಳಿದರೆ ಅದು ಉತ್ತರಿಸುವುದಿಲ್ಲ. ‘ಇದನ್ನು ಹೇಗೆ ಮಾಡಿದರು?’ ಎಂದು ಕೇಳಿ.

ವಿ.ಎಸ್. ಗಾಯ್ತೊಂಡೆ (1924–2001) ಅವರ ಒಂದು ಕ್ಯಾನ್ವಾಸ್ ಸಿಕ್ಕಿದರೆ ಹೀಗೆ ಮಾಡಿ. ಮೊದಲು ದೂರದಿಂದ ನೋಡಿ, ಒಂದೇ ಬಣ್ಣದ ಹರವು ಎನಿಸುತ್ತದೆ. ಎರಡು ಮೀಟರಿಗೆ ಬನ್ನಿ, ಆ ಬಣ್ಣದೊಳಗೆ ತೇಲುವ ಆಕಾರಗಳು ಕಾಣುತ್ತವೆ. ಆಮೇಲೆ ಚಿತ್ರದ ಮುಂದೆ ಅಡ್ಡ ಕಟ್ಟಿದ ದಾರದವರೆಗೂ ಬಂದು ಅಂಚನ್ನು ನೋಡಿ. ಅವರು ಕುಂಚಕ್ಕಿಂತ ಹೆಚ್ಚಾಗಿ ರೋಲರ್ ಮತ್ತು ಚಪ್ಪಟೆ ಅಲಗು ಬಳಸಿ, ಬಣ್ಣ ಹಚ್ಚಿ, ಕೆರೆದು, ಮತ್ತೆ ಹಚ್ಚಿ ಪದರ ಕಟ್ಟುತ್ತಿದ್ದರು. ಅಂಚಿನಲ್ಲಿ ಕೆಳಗಿನ ಪದರಗಳು ಒಂದಿಷ್ಟು ಇಣುಕುತ್ತವೆ. ನಡುವೆ ಸಪಾಟಾಗಿ ಕಂಡದ್ದು ಎಷ್ಟು ಬಣ್ಣಗಳ ಕೂಟ ಎಂದು ಅಲ್ಲಿ ಗೊತ್ತಾಗುತ್ತದೆ. ಮತ್ತೆ ಹಿಂದೆ ಸರಿದು ನೋಡಿ. ಒಂದು ಚಿತ್ರಕ್ಕೆ ಹತ್ತು ನಿಮಿಷ. ಮೊದಲ ಎರಡು ನಿಮಿಷ ಬೇಸರ ಬರುವುದು ಸಹಜ, ಆ ಎರಡು ನಿಮಿಷ ದಾಟಬೇಕು.

ಅಮೂರ್ತಕ್ಕೆ ನೇರ ಹಾರುವುದು ಕಷ್ಟವೆನಿಸಿದರೆ ಕೆ.ಕೆ. ಹೆಬ್ಬಾರರಿಂದ ಶುರುಮಾಡಿ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಯಲ್ಲಿ ಬಾಳಿದವರು. ಲಯ ಮೈಗೂಡಲೆಂದು ಕಥಕ್ ಕಲಿತವರು. ಅವರ ಗೆರೆಗಳಲ್ಲಿ ನರ್ತಕಿಯ ಕೈ ಇದೆ ಎಂದು ತಿಳಿಯುತ್ತದೆ, ಆದರೆ ಕೈಯ ಚಿತ್ರ ಅಲ್ಲಿಲ್ಲ, ಕೈ ಹೋದ ದಾರಿ ಮಾತ್ರ ಇದೆ. ಒಂದೇ ಗೆರೆಯನ್ನು ಕಣ್ಣಿನಿಂದ ಹಿಂಬಾಲಿಸಿ, ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು, ಎಲ್ಲಿ ವೇಗ ಹಿಡಿಯಿತು ಎಂದು ಗಮನಿಸಿ. ಇಷ್ಟಕ್ಕೆ ಕಣ್ಣು ಒಗ್ಗಿದವರಿಗೆ ಗಾಯ್ತೊಂಡೆ, ಎಸ್.ಎಚ್. ರಝಾರಂಥ ಅಮೂರ್ತ ಕಲಾವಿದರು ದೂರವಲ್ಲ.

ರವೀಂದ್ರನಾಥ ಠಾಕೂರರ ಚಿತ್ರಗಳು ಇನ್ನೊಂದು ಒಳ್ಳೆಯ ಬಾಗಿಲು. ಅರವತ್ತು ದಾಟಿದ ಮೇಲೆ ಚಿತ್ರಕ್ಕಿಳಿದವರು ಅವರು. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಜೋಡಿಸುತ್ತ ಆಕಾರ ಮಾಡುವುದರಿಂದ ಅದು ಶುರುವಾಯಿತು. ಮೊದಲೇ ಯೋಚಿಸಿದ ವಿಷಯವೊಂದನ್ನು ಬರೆಯುವ ಬದಲು, ಬರೆಯುತ್ತ ಆಕಾರ ಹುಡುಕುವ ದಾರಿ ಅದು.

ಆಡಿಯೊ ವಿವರಣೆ, ಮಾರ್ಗದರ್ಶಕರ ಮಾತು ಇವುಗಳಿಂದ ಶುರುಮಾಡಬೇಡಿ ಎಂಬುದು ನಮ್ಮ ಅಭಿಪ್ರಾಯ. ಮೊದಲು ನೋಡಿ, ಆಮೇಲೆ ಕೇಳಿ. ಕೇಳಿ ನೋಡಿದರೆ ಕೇಳಿದ್ದೇ ಕಾಣುತ್ತದೆ.

ಮಗಳು ಚಿತ್ರಕಲೆ ಕಲಿಯುತ್ತಿದ್ದಾಳೆ. ಅಲ್ಲಿ ಕೂತು ನಕಲು ಮಾಡಬಹುದೇ? ಫೋಟೊ ತೆಗೆಯಬಹುದೇ?
ಓದುಗರು, ಮಂಡ್ಯ

ಪುಟ್ಟ ಸ್ಕೆಚ್ ಪುಸ್ತಕ, ಪೆನ್ಸಿಲ್ ತಂದರೆ ಸಾಮಾನ್ಯವಾಗಿ ತಕರಾರಿಲ್ಲ, ಆದರೂ ಒಳಗೆ ಹೋಗುವಾಗ ಕಾವಲಿನವರಿಗೆ ಒಂದು ಮಾತು ಹೇಳಿ. ಪೆನ್ನು, ಮಾರ್ಕರ್, ಬಣ್ಣ, ಇದ್ದಿಲು ಬೇಡ. ಶಾಯಿ ಹಾರಿ ಬಿದ್ದರೆ ತೆಗೆಯಲಾಗದು, ಇದ್ದಿಲ ಪುಡಿ ಗಾಳಿಯಲ್ಲಿ ಹೋಗಿ ಎಲ್ಲೆಲ್ಲೋ ಕೂರುತ್ತದೆ. 2ಬಿ ಪೆನ್ಸಿಲು ಎರಡು, ಮೊದಲೇ ಮೊನೆ ಮಾಡಿಟ್ಟುಕೊಳ್ಳಲಿ. ಒಳಗೆ ಬ್ಲೇಡು ಒಯ್ಯಲಾಗದು. ಇಡೀ ಚಿತ್ರವನ್ನು ನಕಲು ಮಾಡುವ ಬದಲು ಒಂದು ಮೂಲೆಯ ವಿನ್ಯಾಸ, ಕತ್ತಲೆ ಬೆಳಕಿನ ಹಂಚಿಕೆ ಇಷ್ಟನ್ನೇ ಅಂಗೈಯಗಲದ ಚೌಕದಲ್ಲಿ ಬರೆದುಕೊಂಡರೆ ಕಲಿಕೆ ಹೆಚ್ಚು.

ಫೋಟೊ ನಿಯಮ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದಲಾಗುತ್ತದೆ. ಎರವಲು ತಂದ ಚಿತ್ರಗಳಿಗೆ ಕೊಟ್ಟವರ ಷರತ್ತು ಇರುತ್ತದೆ, ಕೋಣೆಯ ಬಾಗಿಲ ಬಳಿಯ ಫಲಕ ನೋಡಿ. ಫ್ಲಾಶ್ ಮಾತ್ರ ಎಲ್ಲಿಯೂ ಬೇಡ. ಒಂದು ಫ್ಲಾಶ್‌ನಿಂದ ಬಣ್ಣಕ್ಕೆ ಆಗುವ ಹಾನಿ ತೀರ ಕಡಿಮೆ, ಅಕ್ಕಪಕ್ಕದವರ ಹೊಂದಿಕೊಂಡ ಕಣ್ಣು ಕೆಡುವುದು ಮಾತ್ರ ಖಂಡಿತ. ಇದಕ್ಕಿಂತ ದೊಡ್ಡ ಅಪಾಯ ಫ್ರೇಮಿಗಾಗಿ ಹಿಂದೆ ಹಿಂದೆ ಹೆಜ್ಜೆ ಇಡುವವರ ಬೆನ್ನು, ಹಿಂದೆ ಶಿಲ್ಪವಿರಬಹುದು.

ನಕಲನ್ನು ಮಾರುವ ಅಥವಾ ಅಚ್ಚು ಹಾಕಿಸುವ ಯೋಚನೆ ಇದ್ದರೆ ಹಕ್ಕುಸ್ವಾಮ್ಯ ನೋಡಬೇಕು. ನಮ್ಮಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಿಡಿದು 60 ವರ್ಷ ಅದು ಇರುತ್ತದೆ. ರವಿವರ್ಮ (ನಿಧನ 1906) ಮುಕ್ತ. ಜಾಮಿನಿ ರಾಯ್ (1972) ಅವರದು 2032ರ ಕೊನೆಯವರೆಗೆ, ಹೆಬ್ಬಾರರದು (1996) 2056ರ ಕೊನೆಯವರೆಗೆ. ಸ್ವಂತ ಅಭ್ಯಾಸಕ್ಕೆ ಬರೆದುಕೊಳ್ಳಲು ಅಡ್ಡಿಯಿಲ್ಲ.

ಅಜ್ಜಿಯ ಕಾಲದ ಮೈಸೂರು ಶೈಲಿಯ ದೇವರ ಪಟಕ್ಕೆ ಬೂಷ್ಟು ಬಂದಿದೆ. ಸಂಗ್ರಹಾಲಯಗಳಲ್ಲಿ ಚಿತ್ರ ಹಾಳಾಗದಂತೆ ಇಡುವುದು ಹೇಗೆ? ಮನೆಯಲ್ಲಿ ನಾವು ಏನು ಮಾಡಬಹುದು?
ಓದುಗರು, ಸಾಗರ

ಅಲ್ಲಿ ತೇವಾಂಶವನ್ನು ಶೇಕಡ 50–55ರ ಆಸುಪಾಸಿನಲ್ಲಿ, ಹೆಚ್ಚು ಏರಿಳಿತವಿಲ್ಲದಂತೆ ಇಡಲು ನೋಡುತ್ತಾರೆ. ಶೇಕಡ 65–70 ದಾಟಿ ಕೆಲವು ದಿನ ನಿಂತರೆ ಬೂಷ್ಟು ಹುಟ್ಟುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದು ತಪ್ಪಿದ್ದಲ್ಲ, ಆದರೆ ಕಡಿಮೆ ಮಾಡಬಹುದು.

ಪಟವನ್ನು ಹೊರಗೋಡೆಗೆ, ಬಚ್ಚಲ ಗೋಡೆಗೆ ಹಾಕಬೇಡಿ. ಮನೆಯೊಳಗಿನ ಅಡ್ಡಗೋಡೆಯೇ ಒಣಗಿರುವುದು. ಫ್ರೇಮಿನ ಹಿಂಬದಿಯ ಕೆಳಮೂಲೆಗಳಿಗೆ ಒಂದು ಸೆಂ.ಮೀ. ದಪ್ಪದ ಬೆಂಡಿನ ತುಂಡು ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಗಾಜು ಚಿತ್ರಕ್ಕೆ ತಾಗಿರಬಾರದು. ತಾಗಿದ ಕಡೆ ಬೆವರಿ, ಬಣ್ಣ ಗಾಜಿಗೇ ಅಂಟುತ್ತದೆ. ಈಗಾಗಲೇ ಅಂಟಿದ್ದರೆ ಗಾಜು ಎಳೆಯಲೇಬೇಡಿ, ಹಾಗೇ ತಜ್ಞರ ಬಳಿ ಒಯ್ಯಿರಿ.

ಒದ್ದೆ ಬಟ್ಟೆಯಲ್ಲಿ ಒರೆಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮೈಸೂರು ಶೈಲಿಯಲ್ಲಿ ಬಂಗಾರದ ರೇಕಿನ ಕೆಳಗಿರುವ ಉಬ್ಬುಗೆಲಸ ಸಫೇದ ಎಂಬ ಬಿಳಿ ಪುಡಿ, ಮಕ್ಕಿ ಎಂಬ ಹಳದಿ ಗೋಂದು ಮತ್ತು ಅಂಟಿನ ಮಿಶ್ರಣ. ನೀರು ಸೋಕಿದರೆ ಕರಗುತ್ತದೆ, ರೇಕು ಸಹಿತ ಕಿತ್ತುಬರುತ್ತದೆ. ಬ್ರೆಡ್ಡು, ಆಲೂಗಡ್ಡೆಯಿಂದ ಉಜ್ಜುವ ಸಲಹೆಗಳು ಮೊಬೈಲಿನಲ್ಲಿ ಓಡಾಡುತ್ತಿವೆ. ಅವು ಬೂಷ್ಟಿಗೆ ಊಟ ಹಾಕಿದಂತೆ. ಫ್ರೇಮಿನಿಂದ ಸುಲಭವಾಗಿ ಹೊರಬರುವ ಚಿತ್ರವಾದರೆ, ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಮಲಗಿಸಿ ಒಣಗಿಸಿ. ಬಿಸಿಲಿಗೆ ಇಡಬೇಡಿ. ಬಣ್ಣ ಏಳುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮಾತ್ರ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಮೃದು ಕುಂಚದಿಂದ ಹೊರಮುಖವಾಗಿ ಸವರಿ. ಹಕ್ಕಳೆ ಎದ್ದಿದ್ದರೆ ಮುಟ್ಟಬೇಡಿ.

ಮುಂಬೈಗೆ ಹೋಗುವವರಿದ್ದೇವೆ. ಅಲ್ಲಿಯೂ ಇಂಥದೇ ಸಂಗ್ರಹಾಲಯ ಇದೆಯಂತೆ. ಹೇಗೆ ನೋಡಬೇಕು?
ಓದುಗರು, ಹುಬ್ಬಳ್ಳಿ

ಕೊಲಾಬಾದ ರೀಗಲ್ ವೃತ್ತದ ಬಳಿ ಸರ್ ಕಾವಸ್ಜಿ ಜಹಾಂಗೀರ್ ಸಭಾಭವನದಲ್ಲಿದೆ. ಗೇಟ್‌ವೇ ಆಫ್ ಇಂಡಿಯಾ ವಿನ್ಯಾಸ ಮಾಡಿದ ಜಾರ್ಜ್ ವಿಟ್ಟೆಟ್ ಅವರದೇ ಕಟ್ಟಡ, 1911ರದು. ಭಾಷಣ, ಸಂಗೀತ ಕಛೇರಿಗಳಿಗೆ ಕಟ್ಟಿದ ಎತ್ತರದ ಒಂದೇ ಹಜಾರವಾಗಿತ್ತು. ಹೊರಗೋಡೆಗಳನ್ನು ಹಾಗೇ ಉಳಿಸಿ, ಒಳಗೆ ಅರ್ಧವೃತ್ತದ ಅಂತಸ್ತುಗಳನ್ನು ಮೆಟ್ಟಿಲುಗಳಿಂದ ಜೋಡಿಸಿ 1996ರಲ್ಲಿ ಗ್ಯಾಲರಿ ಮಾಡಿದರು. ಬೆಂಗಳೂರಿನಲ್ಲಿ ಕೋಣೆಯಿಂದ ಕೋಣೆಗೆ ಅಡ್ಡವಾಗಿ ನಡೆಯುತ್ತೀರಿ, ಅಲ್ಲಿ ಮೇಲಕ್ಕೆ ಹತ್ತುತ್ತೀರಿ. ಆಯಾಸವಾಗುವ ಮುನ್ನವೇ ನೇರ ಮೇಲಿನ ಗುಮ್ಮಟದ ಅಂತಸ್ತಿಗೆ ಹೋಗಿ, ನೋಡುತ್ತ ಇಳಿದು ಬನ್ನಿ. ಇಳಿಯುವಾಗ ಕೆಳಗಿನ ಅಂತಸ್ತಿನ ದೊಡ್ಡ ಚಿತ್ರಗಳು ಮೇಲಿನಿಂದಲೇ ಒಮ್ಮೆ ಕಾಣುತ್ತವೆ, ದೂರದ ನೋಟಕ್ಕೆ ಅದೇ ಸರಿಯಾದ ಜಾಗ. ಅಲ್ಲಿಯೂ ಸೋಮವಾರ ರಜೆ.

ಅಲ್ಲಿಂದ ಕಾಲಾಘೋಡಾ ಕಡೆ ಕೆಲವೇ ನಿಮಿಷ ನಡೆದರೆ 1952ರ ಜಹಾಂಗೀರ್ ಆರ್ಟ್ ಗ್ಯಾಲರಿ. ಅದು ಆಗಬೇಕೆಂದು ದಾನಿ ಸರ್ ಕಾವಸ್ಜಿ ಅವರನ್ನು ಒತ್ತಾಯಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರು, ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಇನ್ನೊಬ್ಬರು. ಈಗ ಬರೆಯುತ್ತಿರುವ ಕಲಾವಿದರ ಪ್ರದರ್ಶನಗಳು ಅಲ್ಲಿ ಬದಲಾಗುತ್ತಲೇ ಇರುತ್ತವೆ, ಎಷ್ಟೋ ಸಲ ಕಲಾವಿದರೇ ಚಿತ್ರದ ಪಕ್ಕದಲ್ಲಿ ಕೂತಿರುತ್ತಾರೆ. ಮಾಧ್ಯಮ ಯಾವುದು, ಎಷ್ಟು ಪದರ ಹಚ್ಚಿದಿರಿ ಎಂದು ಕೇಳಿ, ಸಂತೋಷದಿಂದ ಹೇಳುತ್ತಾರೆ. ಪ್ರವೇಶಕ್ಕೆ ಟಿಕೆಟ್ ಇಲ್ಲ.